ಬಳ್ಳಾರಿ ಬೆಂಗಳೂರು ರೋಡಿನ ರಿಪೇರಿ ಅಂಗಡಿ: ಸವೆದ ಪ್ರೊಸೆಸರ್ ಹಿಡಿದುಕೊಟ್ಟ ಅಣ್ಣ

ನಮ್ಮ ಮನೆಯ ಎಡಿಟಿಂಗ್ ಡೆಸ್ಕ್‌ಟಾಪ್ ಐದು ತಿಂಗಳು ನನ್ನ ನಿದ್ದೆ ಕೆಡಿಸಿತ್ತು. ಈ ಅಂಗಡಿಯಣ್ಣ ಎರಡು ದಿನದಲ್ಲಿ ಕಾರಣ ಹಿಡಿದರು. 600 ರೂಪಾಯಿ ತಗೊಂಡರು. ಒಂದು ಸಾಮಾನೂ ಮಾರಲಿಲ್ಲ. ಅದಕ್ಕೇ ಕೂತು ಇಷ್ಟುದ್ದ ಬರೆಯುತ್ತಿದ್ದೇನೆ.

ಅಂಗಡಿ ಹೆಸರು ಹಾಕಬೇಡಿ ಅಂತ ಅವರೇ ಹೇಳಿದ್ದಾರೆ. ಒಬ್ಬರೇ ಇರೋದು, ಜನ ಜಾಸ್ತಿ ಬಂದರೆ ಕೆಲಸ ಕೆಡುತ್ತದೆ ಅನ್ನೋದು ಅವರ ಮಾತು. ಬೆಂಗಳೂರು ರೋಡಿನಿಂದ ಒಳಗೆ ಹೋಗುವ ಒಂದು ಸಣ್ಣ ಓಣಿ, ಕೆಳಗೆ ಪ್ಲಾಸ್ಟಿಕ್ ಸಾಮಾನಿನ ಅಂಗಡಿ, ಅದರ ಪಕ್ಕದ ಮೆಟ್ಟಿಲು ಹತ್ತಿದರೆ ಮೇಲೆ ಇವರು. ಬೋರ್ಡ್ ಇಲ್ಲ. ಓಣಿಯಲ್ಲಿ ಯಾರನ್ನು ಕೇಳಿದರೂ ತೋರಿಸುತ್ತಾರೆ.

ನಮ್ಮ ಯಜಮಾನರು ಮದುವೆ ಶೂಟಿಂಗ್ ಮಾಡುತ್ತಾರೆ, ಎಡಿಟಿಂಗ್ ನನ್ನದು. ಸಿರುಗುಪ್ಪ, ಕುರುಗೋಡು, ಸಂಡೂರು, ಎಲ್ಲಾ ಕಡೆಯಿಂದ ಕೆಲಸ ಬರುತ್ತದೆ. ಈಗ ಎಲ್ಲರಿಗೂ 4ಕೆ ವಿಡಿಯೊನೇ ಬೇಕು, ಹಾಗಾಗಿ ಕಂಪ್ಯೂಟರ್ ದಿನಕ್ಕೆ ಹತ್ತು ಹನ್ನೆರಡು ತಾಸು ಓಡುತ್ತದೆ, ಸೀಸನ್ನಿನಲ್ಲಿ ರಾತ್ರಿಯೆಲ್ಲಾ ಎಕ್ಸ್‌ಪೋರ್ಟ್‌ಗೆ ಹಾಕಿ ಮಲಗಿಬಿಡುತ್ತೇವೆ. 2021ರಲ್ಲಿ ಬೇರೆ ಊರಿನ ಒಂದು ಅಂಗಡಿಯಲ್ಲಿ ಅಸೆಂಬಲ್ ಮಾಡಿಸಿದ್ದು, ಎಂಟು ಕೋರಿನ ಪ್ರೊಸೆಸರ್, ಅಂದರೆ ಲೆಕ್ಕ ಮಾಡುವ ಮುಖ್ಯ ಚಿಪ್, ಅದರೊಳಗೆ ಕೆಲಸ ಹಂಚಿಕೊಳ್ಳುವ ಎಂಟು ಭಾಗ. ಕೊಡುವಾಗ ಆ ಅಂಗಡಿಯವರು "ಸ್ಪೀಡ್ ಜಾಸ್ತಿ ಮಾಡಿ ಕೊಟ್ಟಿದ್ದೀನಿ, ಎಕ್ಸ್ಟ್ರಾ ದುಡ್ಡು ಬೇಡ" ಅಂದಿದ್ದರು. ನಾವು ಖುಷಿಪಟ್ಟಿದ್ದೆವು. ಆ ಮಾತು ನೆನಪಿಡಿ, ಕಥೆಯ ಬೇರು ಅಲ್ಲೇ ಇದೆ.

2024ರ ಮಾರ್ಚ್ ತಿಂಗಳಿಂದ ತೊಂದರೆ ಶುರುವಾಯಿತು. ಮೊದಲು ಎಕ್ಸ್‌ಪೋರ್ಟ್ 70 ಪರ್ಸೆಂಟ್ ಹತ್ತಿರ ಹೋಗಿ ನಿಂತುಬಿಡುತ್ತಿತ್ತು. ಮತ್ತೆ ಹಾಕಿದರೆ ಪೂರ್ತಿ ಆಗುತ್ತಿತ್ತು. ಸಾಫ್ಟ್‌ವೇರ್ ತೊಂದರೆ ಇರಬೇಕು ಅಂದುಕೊಂಡೆ. ಆಮೇಲೆ ಆಲ್ಬಮ್ ಡಿಸೈನ್ ಮಾಡುವವರು ಕಳಿಸಿದ ಜಿಪ್ ಫೈಲ್ ಬಿಚ್ಚಿದರೆ ಸಿಆರ್‌ಸಿ ಎರರ್ ಬಂತು, ಅಂದರೆ ಫೈಲಿನ ಒಳಗಿನ ತಾಳೆ ಲೆಕ್ಕ ಹೊಂದುತ್ತಿಲ್ಲ ಅಂತ. ಫೈಲ್ ಕೆಟ್ಟಿದೆ ಅಂತ ಅವರಿಗೆ ಫೋನ್ ಮಾಡಿ, ಪಾಪ, ಎರಡು ಸಲ ಮತ್ತೆ ಕಳಿಸೋ ಹಾಗೆ ಮಾಡಿದೆ. ಅದೇ ಫೈಲ್ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ತೆರೆಯಿತು. ಇನ್ನೂ ವಿಚಿತ್ರ ಅಂದರೆ ನಮ್ಮ ಡೆಸ್ಕ್‌ಟಾಪಿನಲ್ಲೇ ಮೂರನೇ ಸಲ ಬಿಚ್ಚಿದಾಗ ಏನೂ ತಕರಾರಿಲ್ಲದೆ ಬಂತು. ನಿಮಗೆ ಹೀಗೆ ಆದರೆ ದಯವಿಟ್ಟು ಗಮನ ಕೊಡಿ. ಕೆಟ್ಟ ಫೈಲ್ ಪ್ರತಿ ಸಲವೂ ಕೆಟ್ಟೇ ಇರುತ್ತದೆ. ಒಮ್ಮೆ ತೆರೆದು ಒಮ್ಮೆ ತೆರೆಯಲ್ಲ ಅಂದರೆ ತಪ್ಪು ಫೈಲಿನದಲ್ಲ, ಲೆಕ್ಕ ಮಾಡುವ ಮೆಷಿನ್ನಿನದು.

ಮೇ ತಿಂಗಳಿಗೆ ಬ್ಲೂ ಸ್ಕ್ರೀನ್ ಬರೋಕೆ ಶುರುವಾಯಿತು. ಒಂದು ದಿನ ಮೆಮೊರಿ ಮ್ಯಾನೇಜ್‌ಮೆಂಟ್ ಅಂತ ಬರೆದಿರೋದು, ಇನ್ನೊಂದು ದಿನ ವೀಯಾ ಅನ್‌ಕರೆಕ್ಟಬಲ್ ಎರರ್ (ವೀಯಾ ಅಂದರೆ ಹಾರ್ಡ್‌ವೇರ್ ತಪ್ಪು ಗುರುತಿಸುವ ವಿಂಡೋಸ್‌ನ ವ್ಯವಸ್ಥೆ), ಮತ್ತೊಂದು ದಿನ ಇನ್ನೇನೋ. ಬ್ರೌಸರ್ ಟ್ಯಾಬ್ ತಾನಾಗೇ ಸತ್ತುಹೋಗುತ್ತಿತ್ತು. ಆಗ ನಮ್ಮೂರಿನಲ್ಲೇ ಒಂದು ಅಂಗಡಿಗೆ ಒಯ್ದೆವು (ಈ ಅಂಗಡಿ ಅಲ್ಲ, ಹೆಸರು ಬೇಡ). ಅವರು ಫಾರ್ಮ್ಯಾಟ್ ಮಾಡಿ ವಿಂಡೋಸ್ ಹಾಕಿದರು, 800 ರೂಪಾಯಿ. ನಾಲ್ಕು ದಿನ ಚೆನ್ನಾಗಿತ್ತು. ಮತ್ತೆ ಹೋದೆವು, ರ್‍ಯಾಮ್ ಹೋಗಿದೆ ಅಂದರು, ಹೊಸ ರ್‍ಯಾಮ್ 6,500. ಮತ್ತೆ ಅದೇ ಕಥೆ. ಎಸ್‌ಎಂಪಿಎಸ್ (ಒಳಗೆ ಕರೆಂಟ್ ಕೊಡುವ ಡಬ್ಬಿ) ವೀಕ್ ಆಗಿದೆ ಅಂದರು, ಅದು 7,000. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು. ಕೊನೆಗೆ ಗ್ರಾಫಿಕ್ಸ್ ಕಾರ್ಡ್ ಬದಲಿಸಿ ನೋಡೋಣ ಅಂದಾಗ ನಾನು ಕ್ಯಾಬಿನೆಟ್ ಎತ್ತಿಕೊಂಡು ಮನೆಗೆ ಬಂದೆ. ಅವರೇನು ಮೋಸ ಮಾಡಬೇಕಂತ ಮಾಡಿದರು ಅಂತ ನಾನು ಹೇಳಲ್ಲ. ಆದರೆ ಒಂದು ಸಲವೂ ಪರೀಕ್ಷೆ ಮಾಡಿ, ಇಗೋ ನೋಡಿ ಇದೇ ತಪ್ಪು, ಅಂತ ತೋರಿಸಲಿಲ್ಲ. ಬರೀ ಅಂದಾಜು. ಅಂದಾಜಿಗೆ ದುಡ್ಡು ಕೊಟ್ಟವರು ನಾವು.

ಈ ಅಣ್ಣನ ಹತ್ತಿರ ಹೋಗಿದ್ದು ಆಗಸ್ಟಿನಲ್ಲಿ. ದಿನ ಚೆನ್ನಾಗಿ ನೆನಪಿದೆ, ಯಾಕಂದರೆ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಚೈನ್ ತುಂಡಾಗಿ ಕೊಚ್ಚಿಹೋಗಿತ್ತು, ಸೋಮವಾರ ಅಂಗಡಿಗೆ ಹೋದಾಗ ಅಲ್ಲಿ ಕೂತಿದ್ದ ನಾಲ್ಕು ಜನವೂ ಅದೇ ಮಾತು. ನೀರೆಲ್ಲಾ ನದಿಗೆ ಹೋಗುತ್ತಿದೆ, ಭತ್ತಕ್ಕೆ ಏನು ಗತಿ ಅಂತ. ಅಣ್ಣ ಮಾತು ಕೇಳುತ್ತಾ, ಕೈಯಲ್ಲಿ ಒಂದು ಪ್ರಿಂಟರ್ ಬಿಚ್ಚುತ್ತಾ, ನನಗೆ "ಕೂತ್ಕೊಳಮ್ಮಾ, ಹೇಳು" ಅಂದರು.

ನಾನು ಹೇಳಿದೆ. ಅವರು ಕೇಳಿದ ಪ್ರಶ್ನೆಗಳು ನನಗೆ ಹೊಸದು. ಒಂದೇ ಕೆಲಸ ಎರಡು ಸಲ ಮಾಡಿದರೆ ಎರಡು ಸಲವೂ ಅದೇ ಜಾಗದಲ್ಲಿ ನಿಲ್ಲುತ್ತದಾ? ಬೆಳಿಗ್ಗೆ ಜಾಸ್ತಿನಾ, ಮಧ್ಯಾಹ್ನ ಜಾಸ್ತಿನಾ? ಹೊಸದರಲ್ಲಿ ಹೀಗಿತ್ತಾ, ಆಮೇಲೆ ನಿಧಾನವಾಗಿ ಶುರುವಾಯಿತಾ? ಬಯೋಸ್‌ನಲ್ಲಿ, ಅಂದರೆ ವಿಂಡೋಸ್‌ಗೂ ಮೊದಲು ಓಡುವ ಮದರ್‌ಬೋರ್ಡಿನ ಸೆಟ್ಟಿಂಗ್‌ನಲ್ಲಿ, ಯಾರಾದರೂ ಕೈಯಾಡಿಸಿದ್ದಾರಾ? ಆಗ ನನಗೆ ಆ ಹಳೇ ಮಾತು ನೆನಪಾಯಿತು, ಸ್ಪೀಡ್ ಜಾಸ್ತಿ ಮಾಡಿ ಕೊಟ್ಟಿದ್ದೀನಿ ಅಂದದ್ದು. ಹೇಳಿದೆ. ಪ್ರಿಂಟರ್ ಪಕ್ಕಕ್ಕಿಟ್ಟು ನಮ್ಮ ಕ್ಯಾಬಿನೆಟ್ ಹತ್ತಿರ ಬಂದರು.

ಮೊದಲು ಮುಚ್ಚಳ ತೆಗೆದರು. ಕೂಲರಿನ ರೆಕ್ಕೆಗಳ ನಡುವೆ ಕೆಂಪು ಧೂಳು ಮೆತ್ತಿಕೊಂಡಿತ್ತು, ನಮ್ಮ ಬಳ್ಳಾರಿ ಧೂಳು, ಬ್ರಷ್‌ನಿಂದ ಕೆರೆದರೆ ಹೆಂಟೆ ಹೆಂಟೆಯಾಗಿ ಬಿತ್ತು. ಕೂಲರ್ ಎತ್ತಿದರೆ ಕೆಳಗೆ ಥರ್ಮಲ್ ಪೇಸ್ಟ್ ಒಣಗಿ ಗೋಡೆಯ ಸುಣ್ಣದ ಹಾಗೆ ಪುಡಿಪುಡಿ. ಸ್ಪಿರಿಟ್ಟಿನಲ್ಲಿ ಒರೆಸಿ ಹೊಸ ಪೇಸ್ಟ್ ಹಾಕಿ ಆಮೇಲೆ ಆನ್ ಮಾಡಿದರು. ಬಿಸಿಯಿಂದ ಆಗುವ ಎರರ್ ಬೇರೆ, ಸವೆತದಿಂದ ಆಗುವ ಎರರ್ ಬೇರೆ, ಮೊದಲು ಬಿಸಿಯನ್ನು ಪಕ್ಕಕ್ಕೆ ಸರಿಸೋಣ ಅಂದರು. ಈ ಶಿಸ್ತು ನನಗೆ ತುಂಬಾ ಹಿಡಿಸಿತು.

ಆಮೇಲೆ ಬಯೋಸ್ ತೆರೆದು ನನಗೂ ತೋರಿಸಿದರು. ಎಲ್ಲಾ ಕೋರ್‌ಗೂ ಒಂದೇ ಸ್ಪೀಡ್ ಕಟ್ಟಿಹಾಕಿದ್ದರು, ಕಂಪನಿ ಕೊಟ್ಟಿದ್ದಕ್ಕಿಂತ ಜಾಸ್ತಿ. ವೋಲ್ಟೇಜ್ 1.42, ಅದೂ ಫಿಕ್ಸ್. ಅಂದರೆ ಕೆಲಸ ಇರಲಿ ಇಲ್ಲದಿರಲಿ, ಮೂರು ವರ್ಷ ಪ್ರೊಸೆಸರ್‌ಗೆ ಅಷ್ಟೇ ವೋಲ್ಟೇಜ್ ಹೋಗಿದೆ. ಅದರ ಮೇಲೆ ನಮ್ಮ ಊರಿನ ಬೇಸಿಗೆ. ಏಪ್ರಿಲ್ ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟಿರುತ್ತದೆ, ಎಡಿಟಿಂಗ್ ರೂಮಿನಲ್ಲಿ ಏಸಿ ಇಲ್ಲ, ಒಳಗೆ ಪ್ರೊಸೆಸರ್ 95 ಡಿಗ್ರಿಯಲ್ಲಿ ಓಡುತ್ತಿತ್ತು ಅನ್ನೋದು ನಮಗೆ ಗೊತ್ತೇ ಇರಲಿಲ್ಲ.

ವಿಂಡೋಸ್‌ನಲ್ಲಿ ಇವೆಂಟ್ ವ್ಯೂವರ್ ಅಂತ ಒಂದಿದೆ. ಅದರಲ್ಲಿ ಸಿಸ್ಟಮ್ ಲಾಗ್ ತೆಗೆದು ವೀಯಾ ಲಾಗರ್ ಅಂತ ಸೋಸಿದರು. ಸಾಲುಸಾಲಾಗಿ ಎರರ್ ಬಂತು. ಇವೆಂಟ್ 19 ಅಂದರೆ ಪ್ರೊಸೆಸರ್ ತಪ್ಪು ಮಾಡಿ ತಾನೇ ತಿದ್ದಿಕೊಂಡಿದ್ದು, 18 ಅಂದರೆ ತಿದ್ದಿಕೊಳ್ಳಲಾಗದೆ ಬಿದ್ದಿದ್ದು. ಒಂದೊಂದನ್ನೂ ತೆರೆದು ಒಂದು ನಂಬರ್ ತೋರಿಸಿದರು, ಎಪಿಐಸಿ ಐಡಿ. ಎಲ್ಲದರಲ್ಲೂ 6, ಅಲ್ಲೊಂದು ಇಲ್ಲೊಂದು 7. ನಮ್ಮ ಪ್ರೊಸೆಸರ್‌ನಲ್ಲಿ ಒಂದು ಕೋರಿಗೆ ಎರಡು ನಂಬರ್, ಎಣಿಕೆ ಸೊನ್ನೆಯಿಂದ ಶುರು. 0 ಮತ್ತು 1 ಮೊದಲ ಕೋರ್, ಹಾಗೇ ಎಣಿಸುತ್ತಾ ಹೋದರೆ 6 ಮತ್ತು 7 ನಾಲ್ಕನೇ ಕೋರ್. ಮೂರು ತಿಂಗಳ ಎರರ್ ಎಲ್ಲಾ ಒಂದೇ ಕೋರಿನಿಂದ! ರ್‍ಯಾಮ್ ಕೆಟ್ಟಿದ್ದರೆ, ಎಸ್‌ಎಂಪಿಎಸ್ ಕೆಟ್ಟಿದ್ದರೆ, ಹೀಗೆ ಒಂದೇ ಕೋರಿನ ಹೆಸರು ಮತ್ತೆ ಮತ್ತೆ ಯಾಕೆ ಬರುತ್ತದೆ? ಇದು ಫಾರ್ಮ್ಯಾಟ್ ಮಾಡಿದ ಮೇಲಿನ ಲಾಗ್ ಆಗಿದ್ದರಿಂದ ಮೇ ತಿಂಗಳಿಂದ ಈಚೆಗಿನದಷ್ಟೇ ಇತ್ತು, ಅದಕ್ಕೆ ಮುಂಚಿನದು ಅಳಿಸಿಹೋಗಿತ್ತು. ಸುಮ್ನೆ ಫಾರ್ಮ್ಯಾಟ್ ಮಾಡಿಸಬೇಡಿ ಅಂತ ನಾನು ಹೇಳೋದು ಇದಕ್ಕೇ, ಸಾಕ್ಷಿಯೇ ಹೋಗಿಬಿಡುತ್ತದೆ.

ಅಷ್ಟಕ್ಕೇ ಅವರು ತೀರ್ಪು ಕೊಡಲಿಲ್ಲ. ರಾತ್ರಿಯೆಲ್ಲಾ ಪೆನ್‌ಡ್ರೈವ್‌ನಿಂದ ಮೆಮ್‌ಟೆಸ್ಟ್ ಓಡಿಸಿದರು. ರ್‍ಯಾಮ್ ಪಾಸ್, ಒಂದು ಎರರ್ ಇಲ್ಲ. ಮಾರನೇ ದಿನ ಬಯೋಸ್ ಅನ್ನು ಡೀಫಾಲ್ಟ್‌ಗೆ ತಂದು, ಅಂದರೆ ಆ ಜಾಸ್ತಿ ಸ್ಪೀಡ್ ಎಲ್ಲಾ ತೆಗೆದುಹಾಕಿ, ಪ್ರೊಸೆಸರ್‌ಗೆ ಭಾರೀ ಲೆಕ್ಕ ಕೊಟ್ಟು ಪರೀಕ್ಷಿಸುವ ಪ್ರೈಮ್95 ಓಡಿಸಿದರು. ಕೋರ್‌ಸೈಕ್ಲರ್ ಅನ್ನೋ ಒಂದು ಫ್ರೀ ಸಾಧನ ಇದೆ, ಅದು ಒಂದೊಂದೇ ಕೋರಿಗೆ ಸರದಿಯಲ್ಲಿ ಕೆಲಸ ಕೊಡುತ್ತದೆ. ಮೊದಲ ಮೂರು ಕೋರ್ ಚೆನ್ನಾಗಿ ದಾಟಿದವು. ನಾಲ್ಕನೇದಕ್ಕೆ ಬಂದಾಗ ಐದೇ ನಿಮಿಷಕ್ಕೆ ಪರದೆಯ ಮೇಲೆ "ಫೇಟಲ್ ಎರರ್: ರೌಂಡಿಂಗ್ ವಾಸ್ 0.5, ಎಕ್ಸ್‌ಪೆಕ್ಟೆಡ್ ಲೆಸ್ ದ್ಯಾನ್ 0.4" ಅಂತ ಬಿತ್ತು. ಅಣ್ಣ ಏನೂ ಹೇಳದೆ ಆ ಸಾಲಿನ ಮೇಲೆ ಬೆರಳಿಟ್ಟರು. ಲೆಕ್ಕದಲ್ಲಿ ಇಷ್ಟರೊಳಗೆ ವ್ಯತ್ಯಾಸ ಇರಬೇಕು, ಅದಕ್ಕಿಂತ ಜಾಸ್ತಿ ಬಂದಿದೆ, ಅಂದರೆ ಕೋರ್ ಲೆಕ್ಕ ತಪ್ಪಿದೆ ಅಂತ ಅರ್ಥ.

ಕೊನೆಯ ಪರೀಕ್ಷೆ ಎಲ್ಲಕ್ಕಿಂತ ಮುಖ್ಯ. ಪ್ರೊಸೆಸರ್‌ನ ಸ್ಪೀಡ್ ಅನ್ನು ಡೀಫಾಲ್ಟ್‌ಗಿಂತಲೂ 300 ಮೆಗಾಹರ್ಟ್ಸ್ ಕೆಳಗೆ ಇಳಿಸಿದರು. ಬೇರೆ ಯಾವುದನ್ನೂ ಮುಟ್ಟಲಿಲ್ಲ. ಅದೇ ಪರೀಕ್ಷೆ, ಅದೇ ಕೋರ್, ಆರು ತಾಸು. ಒಂದೂ ಎರರ್ ಇಲ್ಲ. ನಾನು ತಂದಿದ್ದ ಜಿಪ್ ಫೈಲ್ ಹತ್ತು ಸಲ ಬಿಚ್ಚಿದರು, ಹತ್ತು ಸಲವೂ ಬಂತು.

"ಇದು ಸತ್ತಿಲ್ಲಮ್ಮಾ, ಸವೆದಿದೆ" ಅಂದರು.

ಸವೆಯೋದು ಅಂದರೆ ಏನು, ಒಳಗೆ ತಿರುಗುವ ವಸ್ತು ಏನೂ ಇಲ್ಲವಲ್ಲ ಅಂತ ಕೇಳಿದೆ. ಅವರು ಕಾಲುವೆ ಉದಾಹರಣೆ ಕೊಟ್ಟರು, ಆವತ್ತು ಎಲ್ಲರ ಬಾಯಲ್ಲೂ ಡ್ಯಾಮೇ ಇತ್ತಲ್ವಾ. ಕಾಲುವೆ ಹೊಸದಾಗಿದ್ದಾಗ ಮೇಲಿಂದ ಇಷ್ಟು ನೀರು ಬಿಟ್ಟರೆ ಕೊನೆ ಭಾಗದ ಹೊಲದವರಿಗೂ ಸರಿಯಾದ ಹೊತ್ತಿಗೆ ಮುಟ್ಟುತ್ತದೆ. ವರ್ಷ ಕಳೆದ ಹಾಗೆ ಹೂಳು ತುಂಬುತ್ತದೆ, ಅಂಚು ಕುಸಿಯುತ್ತದೆ. ಆಮೇಲೆ ಅಷ್ಟೇ ನೀರು ಬಿಟ್ಟರೆ ಕೊನೆಗೆ ಮುಟ್ಟಲ್ಲ. ಒಂದೋ ಮೇಲಿಂದ ಜಾಸ್ತಿ ಬಿಡಬೇಕು, ಇಲ್ಲವೋ ಕೊನೆಯವರು ಇನ್ನೂ ಸ್ವಲ್ಪ ಹೊತ್ತು ಕಾಯಬೇಕು. ನಮ್ಮ ತುಂಗಭದ್ರಾ ಡ್ಯಾಮೇ ಕಟ್ಟಿದಾಗ 133 ಟಿಎಂಸಿ ಇದ್ದದ್ದು ಹೂಳಿನಿಂದ ಈಗ 105ರ ಆಸುಪಾಸಿಗೆ ಬಂದಿಲ್ವಾ.

ಪ್ರೊಸೆಸರ್‌ನಲ್ಲಿ ನೀರಿನ ಜಾಗದಲ್ಲಿ ವೋಲ್ಟೇಜ್. ಕೋಟಿಗಟ್ಟಲೆ ಟ್ರಾನ್ಸಿಸ್ಟರ್‌ಗಳು, ಅವುಗಳ ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ಲೋಹದ ತಂತಿಗಳು. ಬಿಸಿ ಮತ್ತು ವೋಲ್ಟೇಜ್ ಜಾಸ್ತಿ ಇದ್ದಷ್ಟೂ ಟ್ರಾನ್ಸಿಸ್ಟರ್ ಸ್ವಲ್ಪ ಸ್ವಲ್ಪವೇ ಮಂದ ಆಗುತ್ತದೆ. ಕರೆಂಟ್ ಹರಿಯುವ ರಭಸಕ್ಕೆ ತಂತಿಯ ಲೋಹದ ಕಣಗಳೂ ಜಾಗ ಬಿಟ್ಟು ಸರಿಯುತ್ತವೆ, ಇದಕ್ಕೆ ಎಲೆಕ್ಟ್ರೋಮೈಗ್ರೇಷನ್ ಅನ್ನುತ್ತಾರೆ. ಕರೆಂಟ್ ಮತ್ತು ಬಿಸಿ ಸೇರಿ ತಂತಿಯ ಆಯಸ್ಸು ಎಷ್ಟು ಇಳಿಸುತ್ತವೆ ಅಂತ ಜೇಮ್ಸ್ ಬ್ಲ್ಯಾಕ್ ಅನ್ನುವವರು 1969ರಲ್ಲೇ ಲೆಕ್ಕ ಹಾಕಿ ಇಟ್ಟಿದ್ದಾರೆ, ಹಾಗಾಗಿ ಇದು ಹೊಸ ವಿಷಯವೇ ಅಲ್ಲ. ಒಂದು ಸ್ಪೀಡಿನಲ್ಲಿ ತಪ್ಪಿಲ್ಲದೆ ಓಡೋಕೆ ಕಡಿಮೆ ಅಂದರೆ ಎಷ್ಟು ವೋಲ್ಟೇಜ್ ಬೇಕೋ ಅದಕ್ಕೆ ವಿ-ಮಿನ್ ಅನ್ನುತ್ತಾರೆ. ಸವೆದ ಹಾಗೆ ಆ ವಿ-ಮಿನ್ ಮೇಲೇರುತ್ತದೆ. ಕಂಪನಿಗಳು ಇದನ್ನು ಗೊತ್ತಿಟ್ಟುಕೊಂಡೇ ಸ್ವಲ್ಪ ಜಾಸ್ತಿ ವೋಲ್ಟೇಜ್ ಇಟ್ಟಿರುತ್ತವೆ, ಅದಕ್ಕೇ ಸಾಮಾನ್ಯವಾಗಿ ಪ್ರೊಸೆಸರ್ ಹತ್ತು ವರ್ಷ ಓಡಿದರೂ ನಮಗೆ ಏನೂ ಗೊತ್ತಾಗಲ್ಲ. ಮಿಕ್ಕ ಭಾಗಗಳೇ ಮೊದಲು ಹೋಗುತ್ತವೆ. ನಮ್ಮದರಲ್ಲಿ ಆ ಉಳಿಕೆಯನ್ನೆಲ್ಲಾ ಮೂರೇ ವರ್ಷಕ್ಕೆ ತಿಂದು ಮುಗಿಸಿದ್ದೆವು.

ಇಲ್ಲಿ ಒಂದು ಅಪಾಯ ಇದೆ, ಅಣ್ಣ ಇದನ್ನು ಒತ್ತಿ ಒತ್ತಿ ಹೇಳಿದರು. ಸವೆದ ಪ್ರೊಸೆಸರ್‌ಗೆ ವೋಲ್ಟೇಜ್ ಇನ್ನೂ ಸ್ವಲ್ಪ ಏರಿಸಿದರೂ ಎರರ್ ನಿಲ್ಲುತ್ತದೆ. ಕೆಲವರು ಹಾಗೇ ಮಾಡಿ ಸರಿಯಾಯಿತು ಅಂತ ಕೊಟ್ಟು ಕಳಿಸುತ್ತಾರೆ. ಆದರೆ ಯಾವುದರಿಂದ ಸವೆಯಿತೋ ಅದನ್ನೇ ಇನ್ನೂ ಜಾಸ್ತಿ ಕೊಟ್ಟ ಹಾಗಾಯಿತು. ಕೆಲವು ತಿಂಗಳಿಗೆ ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತೀರಿ. ಸ್ಪೀಡ್ ಇಳಿಸೋದೇ ಸರಿಯಾದ ದಾರಿ.

ಅದೇ ವಾರ ಇಂಟೆಲ್ ವಿಷಯವೂ ಸುದ್ದಿಯಲ್ಲಿತ್ತು, ಅಣ್ಣ ಫೋನಿನಲ್ಲಿ ತೋರಿಸಿದರು. ನಮ್ಮ ಪ್ರೊಸೆಸರ್ ಆ ಸಾಲಿನದಲ್ಲ, ಅದಕ್ಕಿಂತ ಹಳೆಯದು, ನಮ್ಮದು ಕೆಟ್ಟಿದ್ದು ಅಸೆಂಬಲ್ ಮಾಡಿದವರು ಇಟ್ಟ ವೋಲ್ಟೇಜ್‌ನಿಂದ. ಆದರೆ ಇದನ್ನು ಓದುತ್ತಿರುವವರಲ್ಲಿ ಬಹಳ ಜನರ ಹತ್ತಿರ ಆ ಸಾಲಿನದು ಇರಬಹುದು, ಅದಕ್ಕೇ ಬರೆಯುತ್ತೇನೆ. ಇಂಟೆಲ್‌ನ 13ನೇ ಮತ್ತು 14ನೇ ಜನರೇಷನ್ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು, 2022 ಮತ್ತು 2023ರಲ್ಲಿ ಬಂದವು, ಇವುಗಳಲ್ಲಿ 65 ವ್ಯಾಟ್ ಮತ್ತು ಅದಕ್ಕಿಂತ ಮೇಲಿನವು ಹೀಗೇ ಅಸ್ಥಿರ ಆಗಬಹುದು ಅಂತ ಕಂಪನಿಯೇ 2024ರಲ್ಲಿ ಒಪ್ಪಿಕೊಂಡಿತು. ಮೈಕ್ರೋಕೋಡ್, ಅಂದರೆ ಪ್ರೊಸೆಸರ್ ಒಳಗೇ ಓಡುವ ಸೂಚನೆಗಳು, ಅದರ ತಪ್ಪಿನಿಂದ ಪ್ರೊಸೆಸರ್ ಬೇಕಾಗಿದ್ದಕ್ಕಿಂತ ಜಾಸ್ತಿ ವೋಲ್ಟೇಜ್ ಕೇಳುತ್ತಿತ್ತು ಅಂತ ಜುಲೈನಲ್ಲಿ ಹೇಳಿದರು. ಆಗಸ್ಟಿನಲ್ಲಿ 0ಎಕ್ಸ್129 ಅನ್ನೋ ಮೈಕ್ರೋಕೋಡ್ ಬಂತು, ಅದು 1.55 ವೋಲ್ಟ್‌ಗಿಂತ ಜಾಸ್ತಿ ಕೇಳದ ಹಾಗೆ ತಡೆಯುತ್ತದೆ. ಸೆಪ್ಟೆಂಬರಿನಲ್ಲಿ ಮೂಲ ಕಾರಣವನ್ನೂ ಹೇಳಿದರು. ಕೋರ್ ಒಳಗಿನ ಕ್ಲಾಕ್ ಟ್ರೀ ಅನ್ನೋ ಸರ್ಕ್ಯೂಟ್, ಅಂದರೆ ಎಲ್ಲರಿಗೂ ತಾಳ ಹಾಕಿಕೊಡುವ ಭಾಗ, ಅದೇ ಜಾಸ್ತಿ ವೋಲ್ಟೇಜ್ ಮತ್ತು ಬಿಸಿಗೆ ಬೇಗ ಸವೆಯುತ್ತದೆ. ಇದಕ್ಕೆ ವಿ-ಮಿನ್ ಶಿಫ್ಟ್ ಅಂತಲೇ ಹೆಸರಿಟ್ಟರು. ಭಾರೀ ಕೆಲಸ ಮಾಡುವಾಗ ಮಾತ್ರ ಅಲ್ಲ, ಹಗುರ ಕೆಲಸದಲ್ಲಿ, ಹೆಚ್ಚುಕಡಿಮೆ ಸುಮ್ನೆ ಕೂತಿರುವಾಗಲೂ ಜಾಸ್ತಿ ವೋಲ್ಟೇಜ್ ಹೋಗುತ್ತಿತ್ತಂತೆ, ಅದಕ್ಕೆ 0ಎಕ್ಸ್12ಬಿ ಬಂತು. 2025ರ ಮೇ ತಿಂಗಳಲ್ಲಿ 0ಎಕ್ಸ್12ಎಫ್ ಅಂತ ಇನ್ನೊಂದು, ದಿನಗಟ್ಟಲೆ ಆಫ್ ಮಾಡದೆ ಹಗುರ ಕೆಲಸದಲ್ಲಿ ಇಡುವವರಿಗಾಗಿ.

ಈ ಅಪ್‌ಡೇಟ್‌ಗಳು ಮದರ್‌ಬೋರ್ಡ್‌ನ ಬಯೋಸ್ ಅಪ್‌ಡೇಟ್ ಮೂಲಕ ಬರುತ್ತವೆ. ಮುಂದೆ ಸವೆಯದ ಹಾಗೆ ತಡೆಯುತ್ತವೆ, ಆಗಲೇ ಸವೆದಿದ್ದನ್ನು ಸರಿ ಮಾಡಲ್ಲ. ಆಗಲೇ ಎರರ್ ಬರುತ್ತಿದ್ದರೆ ಪ್ರೊಸೆಸರ್ ಬದಲಿಸಿಕೊಳ್ಳಬೇಕು ಅಷ್ಟೇ. ಬಾಕ್ಸ್‌ನಲ್ಲಿ ಕೊಂಡವರಿಗೆ ಇಂಟೆಲ್ ವಾರಂಟಿಯನ್ನು ಎರಡು ವರ್ಷ ಜಾಸ್ತಿ ಮಾಡಿದೆ, ಅಂದರೆ ಮೂರರ ಜಾಗದಲ್ಲಿ ಕೊಂಡ ದಿನದಿಂದ ಐದು ವರ್ಷ. ಟ್ರೇ ಪ್ರೊಸೆಸರ್ ಅಂತ ಬಾಕ್ಸ್ ಇಲ್ಲದೆ ಸ್ವಲ್ಪ ಕಡಿಮೆ ರೇಟಿಗೆ ಕೊಡುತ್ತಾರಲ್ಲ, ಅದಕ್ಕೆ ಮಾರಿದವರನ್ನೇ ಹಿಡಿಯಬೇಕು. ಬಿಲ್ ಮತ್ತು ಬಾಕ್ಸ್ ಎರಡನ್ನೂ ಎತ್ತಿಡಿ. ಬಾಕ್ಸ್ ಮೇಲಿನ ಸ್ಟಿಕರ್‌ನಲ್ಲಿ ಎಫ್‌ಪಿಒ, ಎಟಿಪಿಒ ಅಂತ ಎರಡು ನಂಬರ್ ಇರುತ್ತವೆ, ವಾರಂಟಿ ಕೇಳುವಾಗ ಅವನ್ನೇ ಕೇಳುತ್ತಾರೆ. ಈಗಲೇ ಫೋಟೊ ತೆಗೆದಿಟ್ಟುಕೊಂಡರೆ ಕೂಲರ್ ಬಿಚ್ಚಿ ಪೇಸ್ಟ್ ಒರೆಸಿ ಓದೋ ಕೆಲಸ ತಪ್ಪುತ್ತದೆ.

ಎಎಂಡಿ ಇದ್ದವರು ನಮಗೇನು ಅಂತ ಕೂರೋ ಹಾಗಿಲ್ಲ. 2023ರಲ್ಲಿ ರೈಜೆನ್ 7000 ಸಾಲಿನ ಕೆಲವು ಎಕ್ಸ್3ಡಿ ಪ್ರೊಸೆಸರ್‌ಗಳು ಸುಟ್ಟೇಹೋಗಿದ್ದವು, ಆಮೇಲೆ ಬಯೋಸ್ ಅಪ್‌ಡೇಟ್ ಕೊಟ್ಟು ಎಸ್‌ಒಸಿ ವೋಲ್ಟೇಜ್ (ಕೋರ್ ಬಿಟ್ಟು ಚಿಪ್ಪಿನ ಉಳಿದ ಭಾಗಕ್ಕೆ ಹೋಗುವುದು) 1.3 ದಾಟದ ಹಾಗೆ ಮಾಡಿದರು. ಯಾವ ಕಂಪನಿಯದಾದರೂ ಬಯೋಸ್ ಹಳೆಯದು ಇಟ್ಟುಕೊಳ್ಳಬೇಡಿ.

ಒಂದು ಮಾತು ಮಾತ್ರ, ನಮ್ಮ ಕಡೆಯವರಿಗೆ. ಬಯೋಸ್ ಅಪ್‌ಡೇಟ್ ನಡುವೆ ಕರೆಂಟ್ ಹೋದರೆ ಮದರ್‌ಬೋರ್ಡೇ ಕೆಡಬಹುದು. ಯುಪಿಎಸ್ ಇಲ್ಲದೆ ಕೈ ಹಾಕಬೇಡಿ. ಯುಪಿಎಸ್ ಇದ್ದರೂ ಬ್ಯಾಟರಿ ನಿಜವಾಗಿ ನಿಲ್ಲುತ್ತದಾ ಅಂತ ಮೊದಲು ಪ್ಲಗ್ ಕಿತ್ತು ನೋಡಿ. ಅಣ್ಣ ಅಂಗಡಿಯಲ್ಲಿ ಇದನ್ನು ನನ್ನ ಎದುರಿಗೇ ಮಾಡಿದರು, ಹಳೇ ಮಾನಿಟರ್ ಒಂದನ್ನು ಹಾಕಿ ಹತ್ತು ನಿಮಿಷ ಓಡಿಸಿ ನೋಡಿ ಆಮೇಲೆ ಪೆನ್‌ಡ್ರೈವ್ ಚುಚ್ಚಿದರು.

ನಮ್ಮ ವಿಷಯಕ್ಕೆ ಬಂದರೆ, ವಾರಂಟಿ ಮುಗಿದಿತ್ತು. ಮುಗಿಯದಿದ್ದರೂ ವೋಲ್ಟೇಜ್ ಏರಿಸಿದ್ದಕ್ಕೆ ಸಿಗುತ್ತಿರಲಿಲ್ಲ. ಹೊಸದು ಹಾಕಿ ಅಂದೆ. ಈ ಮಾತಿಗೆ ಯಾವ ಅಂಗಡಿಯವರಾದರೂ ಖುಷಿಯಾಗಿ ಬಿಲ್ ಬುಕ್ ತೆಗೆಯುತ್ತಾರೆ ಅಲ್ವಾ. ಇವರು "ಈಗ್ಯಾಕಮ್ಮಾ, ಕೈಯಲ್ಲಿರೋ ಕೆಲಸ ಮುಗಿಸ್ಕೋ, ಇದು ಇನ್ನೂ ಓಡ್ತದೆ" ಅಂದರು. ಸ್ಪೀಡ್ 300 ಇಳಿಸಿದ್ದನ್ನು ಹಾಗೇ ಇಟ್ಟು, ವೋಲ್ಟೇಜ್‌ಗೆ ಮೇಲಿನ ಮಿತಿ ಹಾಕಿ, ಪವರ್ ಲಿಮಿಟ್ ಅನ್ನು ಕಂಪನಿ ಹೇಳಿದ ಲೆಕ್ಕಕ್ಕೆ ತಂದು ಕೊಟ್ಟರು. 42 ನಿಮಿಷಕ್ಕೆ ಆಗುತ್ತಿದ್ದ ಒಂದು ಎಕ್ಸ್‌ಪೋರ್ಟ್ 47 ನಿಮಿಷ ತಗೊಂಡಿತು. ಐದು ನಿಮಿಷ! ಅಷ್ಟಕ್ಕೋಸ್ಕರ ಮೂರು ವರ್ಷ ಆ ಪ್ರೊಸೆಸರ್ ಅನ್ನು ಸುಟ್ಟಿದ್ದೆವು ಅಂತ ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ಬಿಸಿಯೂ 95ರಿಂದ 72ಕ್ಕೆ ಇಳಿಯಿತು, ಫ್ಯಾನ್ ಸದ್ದು ಕಡಿಮೆಯಾಗಿ ಆಡಿಯೊ ಕೆಲಸ ಮಾಡೋದು ಸುಲಭವಾಯಿತು.

ಕಾರ್ತಿಕದ ಮದುವೆ ಕೆಲಸ ಎಲ್ಲಾ ಅದರಲ್ಲೇ ಮುಗಿಸಿದೆ. ಒಂದೂ ಬ್ಲೂ ಸ್ಕ್ರೀನ್ ಬರಲಿಲ್ಲ. 2025ರ ಜನವರಿಯಲ್ಲಿ ಹೊಸ ಬೋರ್ಡ್, 65 ವ್ಯಾಟಿನ ಹೊಸ ಪ್ರೊಸೆಸರ್ ಇವರ ಹತ್ತಿರವೇ ಹಾಕಿಸಿದೆ. ಬಾಕ್ಸ್ ನನ್ನ ಎದುರಿಗೇ ಒಡೆದರು, ವಿಂಡೋಸ್ ಹಾಕುವ ಮೊದಲೇ ಬಯೋಸ್ ಹೊಸದು ಮಾಡಿದರು. ರೇಟ್ ಆನ್‌ಲೈನ್‌ಗಿಂತ 400 ರೂಪಾಯಿ ಜಾಸ್ತಿ ಇತ್ತು, ಕೊಟ್ಟೆ. ರಾತ್ರಿ ಎಂಟಕ್ಕೆ ಎರರ್ ಬಂದರೆ ಆನ್‌ಲೈನ್‌ನವರು ನನ್ನ ಮಾತು ಕೂತು ಕೇಳಲ್ಲ.

ಕುಂದುಕೊರತೆಯನ್ನೂ ಹೇಳಬೇಕು. ಫೋನ್ ಎತ್ತೋದೇ ಇಲ್ಲ, ಹತ್ತು ಸಲ ಮಾಡಿದರೆ ಒಮ್ಮೆ. ನಾಳೆ ಬಾ ಅಂದರೆ ನಾಡಿದ್ದು ಅಂತ ತಿಳ್ಕೊಳ್ಳಿ. ರಿಪೇರಿಗೆ ಬಿಲ್ ಅಂದರೆ ಚೀಟಿಯ ಮೇಲೆ ಬರೆದು ಕೊಡುತ್ತಾರೆ, ಆಫೀಸಿಗೆ ತೋರಿಸಬೇಕಾದವರಿಗೆ ಕಷ್ಟ. ಮೆಟ್ಟಿಲು ಕಡಿದು, ವಯಸ್ಸಾದವರು ಕ್ಯಾಬಿನೆಟ್ ಹೊತ್ತು ಹತ್ತೋದು ಆಗದ ಮಾತು. ಕೆಳಗಿನ ಪ್ಲಾಸ್ಟಿಕ್ ಅಂಗಡಿ ಹುಡುಗನಿಗೆ ಹೇಳಿದರೆ ಎತ್ತಿಕೊಂಡು ಹೋಗಿ ಕೊಡುತ್ತಾನೆ, ಒಳ್ಳೆ ಹುಡುಗ. ಸಣ್ಣ ಕೆಲಸಗಳಿಗೆ, ಕೀಬೋರ್ಡ್ ಮೌಸ್ ಅಂತ, ಇವರ ಹತ್ತಿರ ಹೋಗಬೇಡಿ. ಸ್ಟಾಕ್ ಇರಲ್ಲ, ಆಸಕ್ತಿಯೂ ಇಲ್ಲ.

ಹೋಗೋದಾದರೆ ಬೆಳಿಗ್ಗೆ ಹನ್ನೊಂದಕ್ಕೆ ಹೋಗಿ. ಮಧ್ಯಾಹ್ನ ಎರಡರಿಂದ ನಾಲ್ಕೂವರೆ ಬಾಗಿಲು ಹಾಕಿರುತ್ತಾರೆ. ಕಾಯೋದಿದ್ದರೆ ಓಣಿ ಬಾಯಲ್ಲಿ ಒಂದು ಗಾಡಿ ನಿಲ್ಲುತ್ತದೆ, ವಗ್ಗಾಣಿ ಮಿರ್ಚಿ ಬಿಸಿಬಿಸಿ ಸಿಗುತ್ತದೆ. ಕ್ಯಾಬಿನೆಟ್ ಜೊತೆ ಬಿಲ್ ಇದ್ದರೆ ಒಯ್ಯಿರಿ, ಮತ್ತೆ ಯಾವ ದಿನ, ಎಷ್ಟು ಹೊತ್ತಿಗೆ, ಏನು ಮಾಡುವಾಗ ಎರರ್ ಬಂತು ಅಂತ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ನಾನು ಒಯ್ದಿದ್ದ ಅಂಥ ಹಾಳೆಯನ್ನು ಅವರು ಎರಡು ಸಲ ಓದಿದರು, ಮೊದಲ ಅಂಗಡಿಯಲ್ಲಿ ಅದನ್ನು ಯಾರೂ ಕೈಗೂ ತಗೊಂಡಿರಲಿಲ್ಲ.

ಹಳೇ ಪ್ರೊಸೆಸರ್ ಈಗ ನಮ್ಮ ನಾದಿನಿ ಮಗನ ಟೇಬಲ್ ಮೇಲಿದೆ, ಅದೇ ಇಳಿಸಿದ ಸ್ಪೀಡಿನಲ್ಲಿ. ಪಿಯುಸಿ ಹುಡುಗ, ಪ್ರೋಗ್ರಾಮಿಂಗ್ ಕಲಿಯುತ್ತಿದ್ದಾನೆ. ತಿಂಗಳಿಗೊಮ್ಮೆ ನಾನೇ ಹೋಗಿ ಇವೆಂಟ್ ವ್ಯೂವರ್ ತೆಗೆದು ನೋಡುತ್ತೇನೆ. ಕಳೆದ ವಾರದವರೆಗೆ 6 ಅನ್ನೋ ನಂಬರ್ ಮತ್ತೆ ಬಂದಿಲ್ಲ.